ಮೈಗೆ ಒಗ್ಗದ ಮಾತ್ರೆ

ತೋಳಿಗೆ ಸುತ್ತಿದ ಪಟ್ಟಿಯ ಗಾಳಿ ಪೂರ್ತಿ ಇಳಿಯುವ ಮೊದಲೇ ಪೆರ್ಲಿತಾ ತಲೆ ಅಲ್ಲಾಡಿಸಿದಳು.

“ನೂರ ಎಂಬತ್ತು. ಕೆಳಗಿನದು ನೂರು. ಹೋದ ತಿಂಗಳು ಎಷ್ಟಿತ್ತೋ ಅಷ್ಟೇ ಇದೆ. ಮಾತ್ರೆ ತಗೋತಿದ್ದೀರಿ ತಾನೆ, ಆಲಿಂಗ್ ಇಸಿದ್ರಾ?”

“ದಿನಾ ಬೆಳಿಗ್ಗೆ,” ಎಂದಳು ಇಸಿದ್ರಾ. ಹಿರಿಯಳೆಂದು ಎಲ್ಲರೂ ಅವಳನ್ನು ‘ಆಲಿಂಗ್’ ಎನ್ನುತ್ತಿದ್ದರು. “ಬಾಲಯೇಸುವಿನ ಆಣೆಗೂ.”

“ಬಾಲಯೇಸುವನ್ನ ಯಾಕೆ ಮಧ್ಯೆ ಎಳೀತೀರಿ? ಅವನಿಗೇನು ಬಿಪಿ ಇದೆಯಾ?”

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಸಾಲಾಗಿ ಕೂತಿದ್ದವರು ನಕ್ಕರು. ಸೊಸೆ ರೊವೆನಾ ನಗಲಿಲ್ಲ. ಪೆರ್ಲಿತಾ ಅವಳಿಗೆ ಪರಕೀಯಳಲ್ಲ. ಮಗಳು ಮಯುಮಿಯ ಜ್ಞಾನಸ್ನಾನಕ್ಕೆ ನಿಂತ ಧರ್ಮತಾಯಿ. ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು ‘ಮಾರೆ’ ಎಂದು ಕರೆಯುತ್ತಿದ್ದರು. ಕೇಂದ್ರದಲ್ಲಿ ಬಿಪಿ ನೋಡುವ ಕೆಲಸ ಅವಳದು. ಅವಳು ರೊವೆನಾಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದಳು: “ಮಾರೆ, ಮುದುಕಿ ಸುಳ್ಳು ಹೇಳ್ತಿದೆ. ನಿನ್ನ ಮಾವನಿಗೆ ಆದದ್ದು ಮರೆತಿಲ್ಲ ತಾನೆ?”

ರೊವೆನಾ ಮರೆತಿರಲಿಲ್ಲ. ಏಳು ವರ್ಷದ ಹಿಂದೆ, ನವೋತಾಸ್‌ನ ಮೀನು ಬಂದರಿನಲ್ಲಿ, ತಲೆಯ ಮೇಲಿನ ಮೀನಿನ ತೊಟ್ಟಿಯನ್ನು ಇಳಿಸಿ ಕತ್ತು ಒತ್ತಿಕೊಳ್ಳುತ್ತ ಕೂತ ಮಾವ ಮತ್ತೆ ಏಳಲಿಲ್ಲ. ಒಂದು ಮಗ್ಗುಲು ಬಿದ್ದುಹೋಗಿ ಎಂಟು ತಿಂಗಳು ಮಲಗಿದಲ್ಲೇ ಇದ್ದು ತೀರಿಕೊಂಡ. ಅಷ್ಟೂ ದಿನ ಅವನ ಬಟ್ಟೆ ಒಗೆದದ್ದು ರೊವೆನಾ. ಅತ್ತೆಯೂ ಹಾಗೆ ಬಿದ್ದರೆ ಎನ್ನುವ ಯೋಚನೆ ಅವಳನ್ನು ಬಿಡುತ್ತಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಜಗಳ ಶುರುವಾಯಿತು.

“ನನಗೆ ನಿಜ ಹೇಳಿ ಅಮ್ಮ. ನುಂಗ್ತೀರೋ ಇಲ್ಲವೋ?”

“ನುಂಗ್ತೀನಿ ಕಣೆ. ಅದು ನನಗೆ ಹಿಯಾಂಗ್ ಅಲ್ಲ. ಮೈಗೆ ಒಗ್ಗಲ್ಲ. ಎಲ್ಲ ಔಷಧಿ ಎಲ್ಲರಿಗೂ ಹಿಡಿಯುತ್ತಾ? ಆ ಮೂಲೆಮನೆ ಕೊನ್ಸಿಂಗ್ ನೋಡು, ಅದೇ ಬಿಳೀ ಮಾತ್ರೆ ತಗೊಂಡು ಹುಡುಗಿ ಥರ ಓಡಾಡ್ತಾಳೆ. ಅವಳಿಗೆ ಹಿಯಾಂಗ್.”

“ಒಗ್ಗಲ್ಲ ಅಂದ್ರೆ ಏನಾಗುತ್ತೆ? ತುರಿಕೆ ಬರುತ್ತಾ? ವಾಂತಿಯಾಗುತ್ತಾ?”

“ಒಗ್ಗಲ್ಲ ಅಂದ್ರೆ ಒಗ್ಗಲ್ಲ. ಅದನ್ನೂ ಬಿಡಿಸಿ ಹೇಳಬೇಕಾ?”

ಆ ಓಣಿಯಲ್ಲಿ ಈ ಮಾತಿಗೆ ಎದುರು ಮಾತಿರಲಿಲ್ಲ. ಔಷಧಿಯೂ ಸೋಪಿನ ಹಾಗೆ, ಸೊಸೆಯ ಹಾಗೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದೇನಿಲ್ಲ ಎಂದು ಎಲ್ಲರೂ ನಂಬಿದ್ದರು. ರೊವೆನಾಳ ಅಂಗಡಿಯ ಮಾತ್ರೆ ವ್ಯಾಪಾರ ನಡೆಯುತ್ತಿದ್ದುದೂ ಅದೇ ನಂಬಿಕೆಯ ಮೇಲೆ. ಮನೆಯ ಮುಂದಿನ ಕಿಟಕಿಗೆ ಕಂಬಿ ಹಾಕಿಸಿ ಅವಳು ನಡೆಸುತ್ತಿದ್ದ ಆ ಅಂಗಡಿಯಲ್ಲಿ ಎಲ್ಲವೂ ಬಿಡಿ ಬಿಡಿ: ಅರ್ಧ ಲೋಟ ಎಣ್ಣೆ, ಒಂದು ಸಿಗರೇಟು, ಒಂದು ಪೊಟ್ಟಣ ಶಾಂಪೂ, ಮತ್ತು ಪಟ್ಟಿಯಿಂದ ಕತ್ತರಿಯಲ್ಲಿ ಕತ್ತರಿಸಿ ಕೊಡುವ ಮಾತ್ರೆ. ಮನೆಯಂಗಡಿಯಲ್ಲಿ ಮಾತ್ರೆ ಮಾರಬಾರದು ಎಂದು ಪೆರ್ಲಿತಾ ಎರಡು ಸಲ ಎಚ್ಚರಿಸಿದ್ದಳು. ಜನ ಮಾತ್ರ ಕೇಳುತ್ತಲೇ ಇದ್ದರು.

ಅಂದು ಸಂಜೆ ಅಂಥದೇ ಒಂದು ವ್ಯಾಪಾರ ನಡೆಯಿತು. ಬಲೆ ಹೆಣೆಯುವ ಹೆಂಗಸೊಬ್ಬಳು ಕಂಬಿಯೊಳಗೆ ಮೂಗು ತೂರಿಸಿ, “ಆ ಕೆಂಪು ಹಳದಿ ಕ್ಯಾಪ್ಸೂಲ್ ಎರಡು ಕೊಡು. ಮಗನ ಕಾಲು ಕೀವು ತುಂಬಿದೆ,” ಎಂದಳು.

“ಎರಡು ಸಾಕಾಗಲ್ಲ. ಪೂರ್ತಿ ವಾರ ತಗೋಬೇಕು ಅಂತಾರೆ.”

“ಎರಡಕ್ಕೆ ನೋವು ನಿಂತ್ರೆ ಉಳಿದ ಐದು ದಿನ ಏನಕ್ಕೆ ನುಂಗೋದು, ಭಕ್ತಿಗಾ?”

ರೊವೆನಾ ಕತ್ತರಿ ಎತ್ತಿಕೊಂಡು ಎರಡನ್ನು ಕತ್ತರಿಸಿ ಕೊಟ್ಟಳು.

ಊಟಕ್ಕೆ ಹೆಸರುಕಾಳಿನ ಸಾರು, ಹುರಿದ ಒಣಮೀನು. ಗಂಡ ಎಫ್ರೆನ್ ತಾನು ಓಡಿಸುವ ಪ್ಯಾಸೆಂಜರ್ ಗಾಡಿ ಜೀಪ್ನಿಯನ್ನು ನಿಲ್ಲಿಸಿ ಬಂದು ಮುಖ ತೊಳೆದು ಕೂತ. ಗಾಡಿ ಬೇರೆಯವನದು. ದಿನದ ಬಾಡಿಗೆ ಮಾಲೀಕನಿಗೆ ಕಟ್ಟಿ, ಡೀಸೆಲ್ ಹಾಕಿಸಿ ಉಳಿದದ್ದು ಇವನದು. ಇಸಿದ್ರಾ ದೊಡ್ಡ ಮೀನನ್ನು ಮಗನ ತಟ್ಟೆಗೆ ಹಾಕಿ, ಬಾಲದ ಕಡೆಯ ಮುರುಕನ್ನು ತನಗೆ ಉಳಿಸಿಕೊಂಡು, ಎಲ್ಲರೂ ಉಣ್ಣಲು ಶುರುಮಾಡಿದ ಮೇಲೆ ಕೂತಳು.

“ಲೋಲಾಗೆ ಇವತ್ತು ಎಷ್ಟು ಮಾರ್ಕ್ಸ್ ಬಂತು?” ಎಂದು ಮಯುಮಿ ಅಜ್ಜಿಯನ್ನು ತೋರಿಸುತ್ತ ಕೇಳಿದಳು. ಹದಿನಾರರ ಹುಡುಗಿ, ನಾಲಿಗೆ ಚುರುಕು.

“ನೂರ ಎಂಬತ್ತು,” ಎಂದಳು ರೊವೆನಾ.

“ನನ್ನ ಗಣಿತಕ್ಕಿಂತ ಜಾಸ್ತಿ.”

“ನಗು ನಗು,” ಎಂದಳು ಇಸಿದ್ರಾ. ಅವಳ ಕಣ್ಣು ಮಗನ ಮೇಲಿತ್ತು. ಎಫ್ರೆನ್ ಎಡಗೈಯಿಂದ ಕತ್ತಿನ ಹಿಂಭಾಗ ಒತ್ತಿಕೊಳ್ಳುತ್ತ ಉಣ್ಣುತ್ತಿದ್ದ. “ನೀನೂ ಒಂದು ಸಲ ಪೆರ್ಲಿತಾ ಹತ್ರ ತೋರಿಸಿಕೊಂಡು ಬಾರೋ. ನಿಮ್ಮಪ್ಪನೂ ಹೀಗೇ ಕತ್ತು ಹಿಡ್ಕೋತಿದ್ದ.”

“ದಿನವಿಡೀ ಸ್ಟೀರಿಂಗ್ ಹಿಡಿದ್ರೆ ಕತ್ತು ನೋಯದೆ ಏನು ಮಾಡುತ್ತಮ್ಮ? ಬಿಪಿ ಅನ್ನೋದು ಟ್ರಾಫಿಕ್ ಪೊಲೀಸ್ ಇದ್ದ ಹಾಗೆ. ನಾವು ಅವನ ಮುಖ ನೋಡದಿದ್ರೆ ಅವನೂ ಗಾಡಿ ನಿಲ್ಲಿಸಲ್ಲ.”

“ಲೈಸೆನ್ಸ್ ಹೋಗುತ್ತೆ ಅಂತ ಹೆದರಿಕೆ ಅಪ್ಪಂಗೆ,” ಎಂದಳು ಮಯುಮಿ.

“ನೀನು ಉಣ್ಣು.”

ಇಸಿದ್ರಾ ಆಮೇಲೆ ಆ ಮಾತೆತ್ತಲಿಲ್ಲ.

*

ಮುಂದಿನ ಭೇಟಿಯಲ್ಲಿ ಕೇಂದ್ರಕ್ಕೆ ವಾರಕ್ಕೆರಡು ದಿನ ಬರುವ ಡಾಕ್ಟರಮ್ಮನೇ ನೋಡಿದಳು. ಚಿಕ್ಕ ವಯಸ್ಸಿನವಳು, ಕೂಗದೆ ಮಾತಾಡುವವಳು. ಮಾತ್ರೆ ತಪ್ಪದೆ ತಗೊಂಡೂ ಇಳಿಯುತ್ತಿಲ್ಲ ಎಂದರೆ ಶಕ್ತಿ ಸಾಲುತ್ತಿಲ್ಲ ಎಂದರ್ಥ ಎಂದು ಹೇಳಿ, ಐದು ಮಿಲಿಗ್ರಾಮಿನ ಮಾತ್ರೆಯ ಬದಲು ಹತ್ತರದು ಬರೆದಳು. “ಕೆಲವರಿಗೆ ಪಾದ ಊದುತ್ತೆ, ಎದ್ದಾಗ ತಲೆ ತಿರುಗುತ್ತೆ. ಹಾಗಾದ್ರೆ ಬಂದು ಹೇಳಿ.”

ಈ ಸಲ ರೊವೆನಾ ಮಾತ್ರೆಯ ಪಟ್ಟಿಯನ್ನು ತನ್ನ ವಶಕ್ಕೇ ತೆಗೆದುಕೊಂಡಳು. ಬೆಳಿಗ್ಗೆ ಒಂದನ್ನು ಒಡೆದು ಅತ್ತೆಯ ಅಂಗೈಗೆ ಹಾಕಿ, ನೀರಿನ ಲೋಟ ಕೊಟ್ಟು, ಎದುರಿಗೇ ನಿಲ್ಲುವಳು. ಇಸಿದ್ರಾ ಕೈಯನ್ನು ಬಾಯಿಗೆ ಒಯ್ದು, ತಲೆ ಹಿಂದಕ್ಕೆ ಎಸೆದು, ನೀರು ಕುಡಿದು, “ಆಯ್ತಾ, ಜೈಲರಮ್ಮ?” ಎನ್ನುವಳು. ಅಷ್ಟರಲ್ಲಿ ಕಿಟಕಿಯಲ್ಲಿ ಯಾರಾದರೂ ನಾಣ್ಯದಿಂದ ಕಂಬಿ ಬಡಿಯುವರು. ಬೆಳಗಿನ ಹೊತ್ತು ಕಾಫಿ ಪೊಟ್ಟಣಕ್ಕೂ ವಿನಿಗರ್‌ಗೂ ಬರುವ ಗಿರಾಕಿಗಳೇ ಹೆಚ್ಚು. ರೊವೆನಾ ಅತ್ತ ಓಡುವಳು. ಇತ್ತ ಅತ್ತೆ ಮಗನಿಗೆ ಕಾಫಿ ಬೆರೆಸುವಳು. ಮದುವೆಯಾಗಿ ಹದಿನೆಂಟು ವರ್ಷವಾದರೂ ಮಗನ ಬೆಳಗಿನ ಕಾಫಿಯನ್ನು ಇಸಿದ್ರಾ ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. ರೊವೆನಾಳೂ ಅದನ್ನು ಬಯಸಿರಲಿಲ್ಲ. ಇದ್ದ ಕೆಲಸವೇ ಸಾಕಾಗಿತ್ತು.

ಎರಡು ವಾರ ಕಳೆದ ಮೇಲೆ ಊದಿಕೊಂಡದ್ದು ಎಫ್ರೆನ್‌ನ ಪಾದಗಳು.

ಸಂಜೆ ಚಪ್ಪಲಿ ಬಿಚ್ಚಿದಾಗ ಪಟ್ಟಿಯ ಗುರುತು ಚರ್ಮದಲ್ಲಿ ಆಳವಾಗಿ ಕೂತಿತ್ತು. ರೊವೆನಾ ಬೆರಳಿಂದ ಒತ್ತಿದಳು. ಒತ್ತಿದ ಕಡೆ ಗುಳಿ ಹಾಗೇ ನಿಂತಿತು.

“ಎಂಜಿನ್ ಬಿಸಿ,” ಎಂದ ಅವನು. “ಕಾಲ ಹತ್ರಾನೇ ಇರುತ್ತಲ್ಲ.”

“ಇಷ್ಟು ವರ್ಷ ಎಂಜಿನ್ ತಣ್ಣಗಿತ್ತಾ?”

“ಗಾಡಿಗೂ ವಯಸ್ಸಾಯ್ತು, ನನಗೂ ಆಯ್ತು.”

ಇಸಿದ್ರಾ ಬಿಸಿನೀರು ಕಾಯಿಸಿ ಉಪ್ಪು ಹಾಕಿ ತಂದು ಮಗನ ಕಾಲ ಬಳಿ ಇಟ್ಟಳು. “ಕತ್ತು ನೋವು ಹೇಗಿದೆ?” ಎಂದು ಕೇಳಿದಳು.

“ಕಡಿಮೆ ಇದೆ.”

“ಕಡಿಮೆ ಇದೆಯಾ?” ಅವಳ ಮುಖ ಅರಳಿತು. “ದೇವರು ದೊಡ್ಡವನು.”

ಆ ವಾರ ಬಟ್ಟೆ ನೆನೆಹಾಕುವಾಗ ರೊವೆನಾಳಿಗೆ ಗಂಡನ ಅಂಗಿಯ ಜೇಬಿನಲ್ಲಿ ಪಟ್ಟಿಯಿಂದ ಕತ್ತರಿಸಿದ ಚಿಕ್ಕ ಚೌಕವೊಂದು ಸಿಕ್ಕಿತು. ಒಳಗಿನ ಮಾತ್ರೆ ಖರ್ಚಾಗಿತ್ತು. ಹಿಂದಿನ ಬೆಳ್ಳಿಹಾಳೆಯ ಮೇಲೆ ಹೆಸರಿನ ಎರಡು ಅಕ್ಷರ ಮಾತ್ರ ಉಳಿದಿದ್ದವು. ಮಿಕ್ಕದ್ದು ಕತ್ತರಿಯ ಪಾಲಾಗಿತ್ತು. ತಿರುಗಿಸಿ ಮುರುಗಿಸಿ ನೋಡಿದಳು. ದಿನಕ್ಕೆ ಇಪ್ಪತ್ತು ಸಲ ತಾನೇ ಹೀಗೆ ಕತ್ತರಿಸಿ ಕೊಡುವವಳು. ಕೊಂಡವರಿಗೆ ಅದು ಏನೆಂದು ತಿಳಿಯುವುದು ಹೇಗೆ ಎಂದು ಎಂದೂ ಯೋಚಿಸಿರಲಿಲ್ಲ.

“ಇದೇನು?”

“ತಲೆನೋವಿಂದು.”

“ನಮ್ಮ ಅಂಗಡೀಲೇ ಇತ್ತಲ್ಲ?”

“ಸ್ಟ್ಯಾಂಡಿನಲ್ಲಿ ತಲೆ ನೋಯುವಾಗ ನಿನ್ನ ಅಂಗಡಿ ಹುಡುಕಿಕೊಂಡು ಬರಲಾ? ಪ್ಯಾಸೆಂಜರ್ ಎಲ್ಲ ಇಳಿಸಿ?”

ಸರಿಯೇ ಎನ್ನಿಸಿತು. ಅವಳು ಚೌಕವನ್ನು ಎಸೆದು ಬಟ್ಟೆ ಉಜ್ಜಿದಳು.

*

ಗುರುವಾರ ಮಧ್ಯಾಹ್ನ ಎಫ್ರೆನ್‌ನನ್ನು ಮನೆಗೆ ಕರೆತಂದದ್ದು ಅವನ ಜೊತೆಯ ಚಾಲಕ ಬೆರ್ತಿಂಗ್. ತ್ರಿಚಕ್ರದ ಗಾಡಿಯಿಂದ ಇಳಿಸಿ, ಕಂಕುಳಿಗೆ ಕೈ ಕೊಟ್ಟು ಒಳಗೆ ಕೂರಿಸಿದ. ಎಫ್ರೆನ್‌ನ ಹಣೆಯ ಮೇಲೆ ಬುಗುಟು. ಮುಖ ಬಿಳಿಚಿಕೊಂಡಿತ್ತು.

ಆದದ್ದು ಇಷ್ಟು: ಸ್ಟ್ಯಾಂಡಿಗೆ ಬರುವ ತಿರುವಿನಲ್ಲಿ ಕಣ್ಣು ಕತ್ತಲೆ ಬಂದು ಬ್ರೇಕು ತುಳಿಯುವುದು ತಡವಾಯಿತು. ಜೀಪ್ನಿ ಪಾದಚಾರಿ ಕಟ್ಟೆಯ ಮೇಲೆ ಹತ್ತಿ, ಸುಟ್ಟ ಜೋಳ ಮಾರುವವಳ ಒಲೆ ಉರುಳಿಸಿ, ಕಂಬಕ್ಕೆ ತಾಗಿ ನಿಂತಿತು. ಒಳಗೆ ಹನ್ನೊಂದು ಜನ. ಯಾರಿಗೂ ದೊಡ್ಡ ಪೆಟ್ಟಿಲ್ಲ. ಜೋಳದವಳು ಒಂದು ನಿಮಿಷ ಮೊದಲು ನೀರು ತರಲು ಎದ್ದು ಹೋಗಿದ್ದಳು.

“ಇವತ್ತು ಮಾತ್ರೆ ತಗೊಂಡಿಲ್ಲವೇನೋ ಅಂದುಕೊಂಡೆ,” ಎಂದ ಬೆರ್ತಿಂಗ್. “ಕೇಳಿದ್ರೆ, ತಗೊಂಡೆ ಅಂತಾನೆ.”

“ಯಾವ ಮಾತ್ರೆ?” ರೊವೆನಾ ಕೇಳಿದಳು.

ಬೆರ್ತಿಂಗ್ ಗೆಳೆಯನ ಮುಖ ನೋಡಿದ. ತಡವಾಗಿಹೋಗಿತ್ತು.

“ಬಿಪಿದು. ನನ್ನದೇ ಒಂದು ಕೊಟ್ಟೆ ಮೊದಲು. ನನಗೆ ಒಗ್ಗಿತ್ತು. ಅವನಿಗೂ ಒಗ್ಗಿತು. ಆಮೇಲಿಂದ ಸ್ಟ್ಯಾಂಡಿನ ಹತ್ರದ ಔಷಧಿ ಅಂಗಡೀಲಿ ದಿನಕ್ಕೊಂದು ತಗೋತಾನೆ. ಚೀಟಿ ಗೀಟಿ ಏನೂ ಕೇಳಲ್ಲ ಅಲ್ಲಿ.”

ತನಗೆ ಕೊಟ್ಟ ನೀರನ್ನೂ ಕುಡಿಯದೆ ಬೆರ್ತಿಂಗ್ ಹೊರಟುಹೋದ. ರೊವೆನಾ ಅಂಗಡಿಯ ಕಿಟಕಿ ಮುಚ್ಚಿ ಬಂದಳು.

“ಎಷ್ಟು ದಿನದಿಂದ?”

“ಒಂದೆರಡು ತಿಂಗಳು.”

“ನನಗೆ ಹೇಳಬೇಕು ಅನ್ನಿಸಲಿಲ್ಲವಾ?”

“ಹೇಳಿದ್ರೆ ಏನು ಮಾಡ್ತಿದ್ದೆ? ಪೆರ್ಲಿತಾ ಹತ್ರ ಎಳ್ಕೊಂಡು ಹೋಗ್ತಿದ್ದೆ. ಅವಳು ಗಾಡಿ ಓಡಿಸಬೇಡ ಅಂತಿದ್ದಳು. ಆಮೇಲೆ ಊಟಕ್ಕೆ ಏನು ಮಾಡೋಣ? ನಿನ್ನ ಶಾಂಪೂ ಪೊಟ್ಟಣ ಬೇಯಿಸೋಣವಾ?”

“ಡಾಕ್ಟರಿಲ್ಲ, ಚೀಟಿಯಿಲ್ಲ, ಯಾವನೋ ಕತ್ತರಿಸಿ ಕೊಟ್ಟಿದ್ದನ್ನ ನುಂಗಿಕೊಂಡು ಹನ್ನೊಂದು ಜನರನ್ನ ಕೂರಿಸಿಕೊಂಡು…”

“ಯಾವನೋ ಅಲ್ಲ, ನಿನ್ನಂಥವಳೇ,” ಎಂದ ಎಫ್ರೆನ್. “ನೀನೂ ಆ ಕಿಟಕೀಲಿ ಕತ್ತರಿ ಹಿಡ್ಕೊಂಡು ಅದನ್ನೇ ಮಾಡ್ತೀಯಲ್ಲ? ನಿನ್ನ ಗಿರಾಕಿಗಳಿಗೆ ಯಾವ ಡಾಕ್ಟರು ಬರೆದುಕೊಟ್ಟಿದ್ದಾರೆ?”

ರೊವೆನಾ ಮುಚ್ಚಿದ ಕಿಟಕಿಯ ಕಡೆ ನೋಡಿದಳು. ಮಯುಮಿ ಶಾಲೆಯ ಚೀಲ ಹೊತ್ತುಕೊಂಡೇ ಬಾಗಿಲಲ್ಲಿ ನಿಂತಿದ್ದಳು.

ವಿಚಿತ್ರವೆಂದರೆ, ಮನೆಯಲ್ಲಿ ಇಷ್ಟು ಗಲಾಟೆಯಾಗುವಾಗ ಇಸಿದ್ರಾ ಒಂದು ಮಾತೂ ಆಡಿರಲಿಲ್ಲ. ಮಗನ ಮೇಲೆ ಯಾರಾದರೂ ದನಿ ಎತ್ತಿದರೆ ಮೊದಲು ಎದ್ದು ಬರುತ್ತಿದ್ದವಳು ಒಲೆಯ ಪಕ್ಕದ ಮಣೆಯ ಮೇಲೆ ಕೂತು, ಉಡುಪಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. “ದಿನಾನೂ ತಗೋತಿದ್ದೆಯಾ?” ಎಂದಷ್ಟೇ ಕೇಳಿದಳು ಕೊನೆಗೆ.

“ದಿನಾನೂ.”

ಅವಳು ಎದ್ದು ಬಾಲಯೇಸುವಿನ ಮುಂದೆ ದೀಪ ಹಚ್ಚಿದಳು.

*

ಮರುದಿನ ಬೆಳಿಗ್ಗೆ ಎಫ್ರೆನ್ ಏಳಲಿಲ್ಲ. ಗಾಡಿಯನ್ನು ಮಾಲೀಕ ದುರಸ್ತಿಗೆ ಒಯ್ದಿದ್ದ. ಏಳುವ ಕಾರಣವೂ ಇರಲಿಲ್ಲ. ಮೇಜಿನ ಮೇಲೆ ಅವನ ಕಾಫಿ ಆರುತ್ತಿತ್ತು. ಬೆಳ್ಳುಳ್ಳಿ ಹಾಕಿ ರಾತ್ರಿಯ ಅನ್ನ ಹುರಿಯುತ್ತಿದ್ದ ರೊವೆನಾ, ಕಾಫಿ ದಂಡವಾಗುವುದು ಯಾಕೆಂದು ಲೋಟ ಎತ್ತಿ ಬಾಯಿಗಿಟ್ಟಳು.

“ಕುಡೀಬೇಡ!”

ಇಸಿದ್ರಾ ಮೇಜಿನ ಆಚೆಯಿಂದ ಬಂದು ಲೋಟವನ್ನು ಕಿತ್ತುಕೊಂಡಳು. ಅರ್ಧ ಕಾಫಿ ಇಬ್ಬರ ಮೇಲೂ ಚೆಲ್ಲಿತು. ಉಳಿದದ್ದರ ತಳದಲ್ಲಿ ಸುಣ್ಣದಂಥ ಬಿಳಿ ಗಸಿ ಕೂತಿತ್ತು.

ರೊವೆನಾ ಗಸಿ ನೋಡಿದಳು. ಅತ್ತೆಯ ಸಪಾಟಾದ, ಊತವೇ ಇಲ್ಲದ ಪಾದಗಳನ್ನು ನೋಡಿದಳು. ಒಲೆ ಆರಿಸಿದಳು.

“ಎಷ್ಟು ದಿನದಿಂದ ಅಮ್ಮ?” ಹಿಂದಿನ ದಿನ ಗಂಡನಿಗೆ ಕೇಳಿದ ಪ್ರಶ್ನೆಯನ್ನೇ ಕೇಳಿದಳು.

“ಮೊದಲ ಪಟ್ಟಿಯಿಂದಲೇ. ಆಗಲೇ ಅವನು ಕತ್ತು ಹಿಡ್ಕೊಳ್ಳೋಕೆ ಶುರುಮಾಡಿದ್ದ.”

“ನಾನು ಎದುರಿಗೇ ನಿಂತು ಕೊಡ್ತಿದ್ದೆನಲ್ಲ?”

“ಬೆರಳ ಸಂದಿ ಹಿಡ್ಕೋತಿದ್ದೆ. ಬರೀ ನೀರು ಕುಡೀತಿದ್ದೆ.” ಅದನ್ನು ಹೇಳುವಾಗ ಅವಳ ದನಿಯಲ್ಲಿ ಎಲ್ಲೋ ಒಂದಿಷ್ಟು ಹೆಮ್ಮೆಯೂ ಇತ್ತು.

“ಒಗ್ಗಲ್ಲ, ಹಿಯಾಂಗ್ ಅಲ್ಲ ಅಂತ ಓಣಿ ತುಂಬ ಹೇಳಿಕೊಂಡು ಬಂದ್ರಲ್ಲ!”

“ಮತ್ತೇನು ಹೇಳಬೇಕಿತ್ತು?”

“ನಿಮಗೆ ಒಗ್ಗಲ್ಲ ಅಂದಮೇಲೆ ಅವನಿಗೆ ಹೇಗೆ ಒಗ್ಗುತ್ತೆ ಅಂದ್ಕೊಂಡ್ರಿ?”

“ನನಗೆ ಒಗ್ಗೋದು ಅಂತ ಗೊತ್ತಿತ್ತು,” ಎಂದಳು ಇಸಿದ್ರಾ. “ಡಾಕ್ಟರೇ ಕೊಟ್ಟಿದ್ದಲ್ಲವಾ? ನನ್ನ ಹೊಟ್ಟೇಲಿ ಹುಟ್ಟಿದವನು, ನನ್ನ ರಕ್ತ. ನನಗೆ ಹಿಡಿಯೋದು ಅವನಿಗೆ ಹಿಡಿಯದೆ ಇರುತ್ತಾ? ಕತ್ತು ನೋವು ಕಡಿಮೆಯಾಯ್ತು ಅಂದನಲ್ಲ ಅವನೇ.”

ಮಾತು ಕೇಳಿ ಎಫ್ರೆನ್ ಎದ್ದು ಬಂದಿದ್ದ. ಗೋಡೆ ಹಿಡಿದು ನಿಂತಿದ್ದ. ಅವನ ಹಿಂದೆ ಮಯುಮಿ.

“ಲೋಲಾ,” ಎಂದಳು ಹುಡುಗಿ, “ಅಪ್ಪನೂ ತಗೋತಿದ್ದ, ನೀನೂ ಕೊಡ್ತಿದ್ದೆ. ಅಪ್ಪನದು ಒಂದು, ನಿನ್ನ ಹತ್ತರದು ಎರಡಕ್ಕೆ ಸಮ; ದಿನಕ್ಕೆ ಮೂರು ಮಾತ್ರೆಯಷ್ಟು ಹೋಗಿದೆ ಅಪ್ಪನ ಹೊಟ್ಟೆಗೆ. ನಿನಗೆ ಒಂದೂ ಇಲ್ಲ.”

“ಅವನು ತಗೋತಾನೆ ಅಂತ ನಿನ್ನೆವರೆಗೆ ನನಗೇನು ಗೊತ್ತಿತ್ತು? ಗೊತ್ತಿದ್ರೆ ಕೊಡ್ತಿದ್ದೆನಾ? ಇವತ್ತು ಸ್ಟ್ಯಾಂಡಿಗೆ ಹೋಗಲ್ಲ, ಇದೊಂದೇ ತಾನೆ ಅಂದ್ಕೊಂಡೆ.”

“ನಾವು ನಿಮ್ಮನ್ನೂ ಕಳ್ಕೋತಿದ್ವಿ, ಇವನನ್ನೂ ಕಳ್ಕೋತಿದ್ವಿ,” ಎಂದಳು ರೊವೆನಾ. “ಆ ಜೋಳದವಳನ್ನೂ.”

ಇಸಿದ್ರಾ ಕೈಯಲ್ಲಿದ್ದ ಲೋಟವನ್ನು ಬಚ್ಚಲಿಗೆ ಸುರಿದು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು: “ನಿಮ್ಮಪ್ಪ ಬಿದ್ದಾಗ ನಾನು ಇದೇ ಒಲೆ ಮುಂದೆ ಇದ್ದೆ ಕಣೋ. ಒಂದು ವಾರದಿಂದ ಕತ್ತು ನೋವು ಅಂತಿದ್ದ. ಎಣ್ಣೆ ಹಚ್ಚಿದೆ, ಅಷ್ಟೇ. ನೀನೂ ಕತ್ತಿಗೆ ಕೈ ಇಟ್ಟಾಗ ಮನೇಲಿ ಒಂದೇ ಮಾತ್ರೆ ಇತ್ತು. ಮಗು ಹಸಿದಿರುವಾಗ ನಾನು ಮೊದಲು ಉಣ್ಣಲಾ? ನನ್ನ ಕೈ ಬಾಯಿಗೆ ಹೋಗ್ತಿರಲಿಲ್ಲ.”

ಎಫ್ರೆನ್‌ಗೆ ನಲವತ್ತಮೂರು ವರ್ಷ. ಆ ಮಗು ಹಣೆಯ ಬುಗುಟು ಮುಟ್ಟಿಕೊಂಡು ನಿಂತಿತ್ತು.

*

ಕೇಂದ್ರಕ್ಕೆ ಹೋಗಲು ಅವನು ಎರಡು ದಿನ ಹಟ ಹಿಡಿದ. ಲೈಸೆನ್ಸ್ ನವೀಕರಣ ಮೂರು ತಿಂಗಳಲ್ಲಿತ್ತು. ಕೇಂದ್ರದ ಪುಸ್ತಕದಲ್ಲಿ ಒಮ್ಮೆ ಹೆಸರು ಬಿದ್ದರೆ ಮುಗಿಯಿತು ಎಂಬುದು ಅವನ ಲೆಕ್ಕ. ರೊವೆನಾ ಬೈದಳು, ಮಯುಮಿ ಅಳುಮುಖ ಮಾಡಿದಳು. ಇಸಿದ್ರಾ ಮಾತ್ರ ಬೈಯಲಿಲ್ಲ. ಸೊಸೆ ಬೆಳಿಗ್ಗೆ ಮಾತ್ರೆ ಕೊಟ್ಟರೆ ತೆಗೆದುಕೊಂಡು, ತಟ್ಟೆಯ ಅಂಚಿನಲ್ಲಿಟ್ಟು, ಮಗನನ್ನು ನೋಡುತ್ತ ಕೂತಳು.

“ನುಂಗಮ್ಮ,” ಎಂದ ಎಫ್ರೆನ್.

“ನೀನು ಡಾಕ್ಟರ ಹತ್ರ ಹೋಗಿಲ್ಲ.”

“ನನಗೂ ಇದಕ್ಕೂ ಏನು ಸಂಬಂಧ?”

“ಗೊತ್ತಿಲ್ಲ. ಗಂಟಲಲ್ಲಿ ಇಳಿಯಲ್ಲ.”

ಅದು ಬೆದರಿಕೆಯಾಗಿರಲಿಲ್ಲ, ರೊವೆನಾಳಿಗೆ ಅದು ಗೊತ್ತಾಯಿತು. ಮುದುಕಿಯ ಕೈ ನಿಜವಾಗಿಯೂ ತಟ್ಟೆಯ ಅಂಚು ದಾಟುತ್ತಿರಲಿಲ್ಲ. ಎಫ್ರೆನ್‌ಗೂ ಗೊತ್ತಾಗಿರಬೇಕು. ಮೂರನೆಯ ಬೆಳಿಗ್ಗೆ ಅವನೇ ತಲೆ ಬಾಚಿಕೊಂಡು ಬಂದು ನಿಂತ. “ನಡೀರಿ. ನಾನು ಹೋಗದಿದ್ರೆ ಇವಳು ನನ್ನ ಕಣ್ಣೆದುರಿಗೇ ಬಿದ್ದುಹೋಗ್ತಾಳೆ.”

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಪೆನ್ನು ಕೆಳಗಿಟ್ಟಳು.

“ಆಲಿಂಗ್ ಇಸಿದ್ರಾ, ನೀವು ತಗೋತಿದ್ದೀರಿ ಅಂತ ನಂಬಿ ನಾನು ಶಕ್ತಿ ಜಾಸ್ತಿ ಮಾಡಿದೆ. ಆ ಜಾಸ್ತಿ ಮಾತ್ರೇನೂ ಇವರಿಗೇ ಹೋಯ್ತು. ನಾನು ನಿಮಗೆ ಮದ್ದು ಕೊಡ್ತಿದ್ದೀನಿ ಅಂದುಕೊಂಡು, ಕಂಡೇ ಇಲ್ಲದ ಇನ್ನೊಬ್ಬರಿಗೆ ಕೊಡ್ತಿದ್ದೆ.”

“ನಿಮ್ಮ ತಪ್ಪೇನೂ ಇಲ್ಲ ಡಾಕ್ಟರೇ,” ಎಂದಳು ಇಸಿದ್ರಾ ಧಾರಾಳವಾಗಿ. ಪೆರ್ಲಿತಾ ಬಾಯಿಗೆ ಕೈ ಅಡ್ಡ ಹಿಡಿದಳು.

ಎಫ್ರೆನ್‌ನ ಮೈಯಲ್ಲಿ ಹಳೆಯ ಮಾತ್ರೆಯ ಪ್ರಭಾವ ಇನ್ನೂ ಇತ್ತು. ಅಂದು ಬಂದ ಅಂಕಿಯಿಂದ ಏನೂ ತಿಳಿಯುವಂತಿರಲಿಲ್ಲ. ಒಂದೆರಡು ವಾರ ಏನೂ ನುಂಗದೆ, ಗಾಡಿ ಹತ್ತದೆ, ದಿನ ಬಿಟ್ಟು ದಿನ ಬಂದು ತೋರಿಸಬೇಕು. ಅವನ ಹೆಸರನ್ನು ಪೆರ್ಲಿತಾ ಪುಸ್ತಕದಲ್ಲಿ ಬರೆಯುವಾಗ ಅವನು ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡುತ್ತಿದ್ದ. “ಮಾತ್ರೆಯಲ್ಲಿ ಹತೋಟಿಗೆ ಬಂದವರು ಗಾಡಿ ಓಡಿಸ್ತಾರೆ ಕುಯಾ,” ಎಂದಳು ಡಾಕ್ಟರಮ್ಮ, ಅಣ್ಣನನ್ನು ಕರೆಯುವ ಹಾಗೆ. “ಬರದವರು ಓಡಿಸಿದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು.”

ಆ ದಿನಗಳಲ್ಲಿ ಮನೆಯ ಕೈ ಬಿಗಿಯಾಯಿತು. ಅಂಗಡಿಯ ಸಂಪಾದನೆಯೊಂದೇ ಉಳಿದು, ಒಣಮೀನು ಹೋಗಿ ಅನ್ನಕ್ಕೆ ಉಪ್ಪುಸಾರು ಬಂತು. ಎಫ್ರೆನ್ ಓಣಿಯ ನೀರು ಹೊತ್ತು, ಅಂಗಡಿಯ ಕಿಟಕಿಯಲ್ಲಿ ಕೂತು, ಗಿರಾಕಿಗಳಿಗೆ ಶಾಂಪೂ ಬದಲು ಸೋಪಿನ ಪುಡಿ ಕೊಟ್ಟು ಬೈಸಿಕೊಂಡ. ಮಾಲೀಕ ಗಾಡಿಯನ್ನು ತಾತ್ಕಾಲಿಕವಾಗಿ ಇನ್ನೊಬ್ಬನಿಗೆ ಕೊಟ್ಟ. ಅದು ತಾತ್ಕಾಲಿಕವೋ ಅಲ್ಲವೋ ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಕ್ಯಾಪ್ಸೂಲಿನ ಡಬ್ಬಿಯನ್ನು ರೊವೆನಾ ಕಿಟಕಿಯಿಂದ ತೆಗೆದಳು. ಬಲೆ ಹೆಣೆಯುವವಳು ಬಂದು, ಮಗನ ಕಾಲು ಮತ್ತೆ ಊದಿದೆ, ಇನ್ನೆರಡು ಕೊಡು ಎಂದಾಗ, “ಕೇಂದ್ರಕ್ಕೆ ಕರ್ಕೊಂಡು ಹೋಗು, ಪೆರ್ಲಿತಾಗೆ ನಾನು ಹೇಳ್ತೀನಿ,” ಎಂದಳು. ಆ ಹೆಂಗಸು ದುಮುಗುಡುತ್ತ ಹೋದಳು. ಮುಂದಿನ ಓಣಿಯ ಅಂಗಡಿಯಲ್ಲಿ ಕೊಂಡಳೆಂದು ಆಮೇಲೆ ತಿಳಿಯಿತು.

ಎರಡು ವಾರದ ಕೊನೆಗೆ ಎಫ್ರೆನ್‌ನ ಅಂಕಿ ತನ್ನ ನಿಜರೂಪ ತೋರಿಸಿತು: ನೂರ ಅರವತ್ತೆಂಟು, ನೂರ ಎರಡು. ಡಾಕ್ಟರಮ್ಮ ಅವನಿಗೆ ಐದರ ಮಾತ್ರೆ ಬರೆದಳು. ಇಸಿದ್ರಾ ಒಂದನ್ನೂ ನಿಜವಾಗಿ ನುಂಗಿರದ ಕಾರಣ ಅವಳಿಗೂ ಮೊದಲಿನಿಂದ, ಐದರದೇ.

ಕಪಾಟು ತೆರೆದ ಪೆರ್ಲಿತಾ, “ಐದರದು ಬಂದಿಲ್ಲ,” ಎಂದಳು. “ಹತ್ತರದು ಮಾತ್ರ ಇದೆ. ಅದೂ ಸ್ವಲ್ಪ.”

“ಹಾಗಾದ್ರೆ ಅವನಿಗೇ ಕೊಟ್ಟುಬಿಡಿ,” ಎಂದಳು ಇಸಿದ್ರಾ ಥಟ್ಟನೆ. “ನನಗೆ ಮುಂದಿನ ತಿಂಗಳು ನೋಡಿದ್ರಾಯ್ತು.”

“ಅಮ್ಮ!” ಎಂದರು ಗಂಡ ಹೆಂಡತಿ ಒಟ್ಟಿಗೆ.

ಡಾಕ್ಟರಮ್ಮ ಮಾತ್ರೆಯೊಂದನ್ನು ಬೆಳಕಿಗೆ ಹಿಡಿದಳು. ನಡುವೆ ಗೆರೆಯಿತ್ತು. “ಅರ್ಧ ಮಾಡಿ. ಒಂದು ಅರ್ಧ ಇವರಿಗೆ, ಒಂದು ಅರ್ಧ ನಿಮಗೆ. ಒಂದೇ ಹೊತ್ತಿಗೆ.”

ಇಸಿದ್ರಾ ಸೊಸೆಯ ಕಡೆ ತಿರುಗಿದಳು. “ನೋಡಿದೆಯಾ? ಕೊನೆಗೆ ಹಂಚಿಕೊಳ್ಳಿ ಅಂತಾನೇ ಬಂತು.”

ಮರುದಿನ ಬೆಳಿಗ್ಗೆ ರೊವೆನಾ ಮೇಜಿನ ಮೇಲೆ ಮಾತ್ರೆಯಿಟ್ಟು ಚಾಕುವಿನಿಂದ ಗೆರೆಯ ಮೇಲೆ ಒತ್ತಿದಳು. ಎರಡು ಹೋಳಾಯಿತು. ಒಂದು ಹೋಳು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ಇಸಿದ್ರಾಳ ಬೆರಳು ಅದನ್ನು ಮಗನ ಕಡೆ ತಳ್ಳಿತು. ಯಾರೂ ತಡೆಯಲಿಲ್ಲ. ಎಫ್ರೆನ್ ನುಂಗಿದ. ಅವನ ಗಂಟಲು ಮೇಲೆ ಹೋಗಿ ಕೆಳಗಿಳಿಯುವುದನ್ನು ನೋಡಿದ ಮೇಲೆ ಇಸಿದ್ರಾ ತನ್ನ ಹೋಳನ್ನು ನಾಲಿಗೆಯ ಮೇಲಿಟ್ಟುಕೊಂಡಳು. ನೀರಿಗೆ ಕೈ ಚಾಚುವಷ್ಟರಲ್ಲಿ ಅವಳ ಮುಖ ಕಿವುಚಿಕೊಂಡಿತು.

“ಥೂ, ಏನಿದು ಇಷ್ಟು ಕಹಿ! ವಿಷ ಕುಡಿದ ಹಾಗಿದೆ.”

“ಉಗೀಬೇಡಿ ಅಮ್ಮ,” ಎಂದಳು ರೊವೆನಾ.

ಇಸಿದ್ರಾ ಉಗಿಯಲಿಲ್ಲ. ಆದರೆ ಲೋಟ ಹಿಡಿದ ಕೈ ಅಲ್ಲೇ ನಿಂತಿತು. ಮಗನ ಮುಖವನ್ನೇ ನೋಡುತ್ತ ಕೇಳಿದಳು: “ಕಾಫೀಲಿ ಗೊತ್ತಾಗ್ತಿರಲಿಲ್ಲವೇನೋ ನಿನಗೆ?”

“ಗೊತ್ತಾಗ್ತಿತ್ತು.”

“ಮತ್ತೆ ಒಂದು ದಿನಾನೂ ಯಾಕೆ ಹೇಳಲಿಲ್ಲ?”

ಎಫ್ರೆನ್ ತಟ್ಟೆಯ ಅನ್ನ ಕಲಸುತ್ತ ತಲೆ ಎತ್ತಲಿಲ್ಲ. “ನಿನಗೆ ವಯಸ್ಸಾಯ್ತು, ನಾಲಿಗೆ ರುಚಿ ಹೋಗಿದೆ ಅಂದ್ಕೊಂಡೆ. ಹೇಳಿದ್ರೆ ನೀನು ಕಾಫಿ ಮಾಡೋದನ್ನೇ ಬಿಟ್ಟುಬಿಡ್ತಿದ್ದೆ.”

ಇಸಿದ್ರಾ ನೀರು ಕುಡಿದಳು, ಲೋಟದ ತಳ ಕಾಣುವವರೆಗೆ. ಆಮೇಲೆ, ಯಾರೂ ಹೇಳದಿದ್ದರೂ, ಸೊಸೆಯ ಕಡೆ ತಿರುಗಿ ಎರಡೂ ಅಂಗೈ ಬಿಡಿಸಿ ತೋರಿಸಿದಳು.